ಪೂಜೆಗಿಟ್ಟ ಗಾಡಿ

೧೯೬೧ನೇ ಇಸವಿ ಅಕ್ಟೋಬರ್ ೧೧, ಬುಧವಾರ. ಬೆಳಗಿನ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಹಿರೇಕೆರೂರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಮಾಸೂರಿನ ಬೀರಪ್ಪನ ಕಾಲಿಗೆ ಮೊಣಕಾಲಿನವರೆಗೆ ಗದ್ದೆಯ ಕೆಸರು ಮೆತ್ತಿತ್ತು. ಹವಾಲ್ದಾರ ಗೋಣೆಪ್ಪ ಒರೆಸಿದ ನೆಲ ಹಾಳಾಯಿತೆಂದು ಬೈಯಲು ಬಾಯಿ ತೆರೆದವನು, ಬಂದವನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸಬ್ ಇನ್‌ಸ್ಪೆಕ್ಟರ್ ಮೈಲಾರಲಿಂಗಪ್ಪ ಖುರ್ಚಿ ತೋರಿಸಿದ. ಸುತ್ತಲಿನ ಹಳ್ಳಿಯವರಿಗೆ ಅವನು ಇನ್ನೂ ಫೌಜದಾರನೇ. ಮುಂಬೈ ಸರಕಾರ ಹೋಗಿ ಐದು ವರ್ಷವಾದರೂ ಜನರ ನಾಲಿಗೆಯಿಂದ ಆ ಹೆಸರು ಇಳಿದಿರಲಿಲ್ಲ. ಬೀರಪ್ಪ ಖುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕುಕ್ಕರಿಸಿದ.

“ಏನಾತಪ?”

“ನಮ್ಮಕ್ಕ ಹೋದ್ಲು ಸಾಹೇಬ್ರ. ಮುದಕವ್ವ. ಮದಗದ ಕೆರಿ ಇಳಿಜಾರಿನ್ಯಾಗ ಮೋಟಾರು ಹಾಯ್ತು.”

“ಯಾರ ಮೋಟಾರು?”

“ಅಕ್ಕಿ ಗಿರಣಿ ಉಳಿವೆಪ್ಪ ಸಾವ್ಕಾರ್ದು. ತಾವ ಹೊಡಕೊಂಡು ಬರಾಕತ್ತಿದ್ರು.”

“ಡ್ರೈವರ್?”

“ಉಡಚಪ್ಪ ಇರ್ಲಿಲ್ರಿ. ನಿನ್ನೆ ಸಂಜಿಕೆ ಸವಣೂರಿಗೆ ಹೋಗ್ಯಾನಂತ.”

ಗುನ್ನಾ ನಂಬರ್ ೪೩/೬೧. ದಂಡಸಂಹಿತೆ ಕಲಂ ೨೭೯, ೩೦೪-ಅ: ನಿಷ್ಕಾಳಜಿಯಿಂದ ವಾಹನ ಚಲಾಯಿಸಿ ಸಾವಿಗೆ ಕಾರಣವಾದದ್ದು. ಎಫ್‌ಐಆರ್ ಬರೆದು ಮುಗಿಸಿದಾಗ ಹನ್ನೆರಡು ಹತ್ತು. ಬೀರಪ್ಪ ಹೆಬ್ಬೆಟ್ಟು ಒತ್ತಿದ. ಠಾಣೆಗೆ ಜೀಪಿರಲಿಲ್ಲ, ಫೌಜದಾರ, ಹವಾಲ್ದಾರ, ಫಿರ್ಯಾದಿ ಮೂವರೂ ಮಧ್ಯಾಹ್ನದ ಬಸ್ಸಿನಲ್ಲೇ ಮಾಸೂರಿಗೆ ಹೊರಟರು.

ಎರಡೂವರೆಗೆ ಸ್ಥಳ ಪಂಚನಾಮೆ. ಕೆರೆಯ ಕಡೆಯಿಂದ ಊರಿಗೆ ಇಳಿಯುವ ರಸ್ತೆ ಎರಡು ಫರ್ಲಾಂಗ್ ಒಂದೇ ಸಮ ಜಾರುತ್ತದೆ, ಕೊನೆಗೆ ಹೊಂಗೆಮರದ ಹತ್ತಿರ ಎಡಕ್ಕೆ ಹೊರಳುತ್ತದೆ. ಆ ತಿರುವಿನಲ್ಲಿ ಮುದಕವ್ವನ ಹುಲ್ಲಿನ ಹೊರೆ ಬಿಚ್ಚಿ ಚೆಲ್ಲಾಡಿತ್ತು. ತಲೆಯ ಮೇಲೆ ಹೊರೆ ಇದ್ದುದರಿಂದ ಹಿಂದೆ ಬಂದದ್ದೇನೆಂದು ಅವಳು ನೋಡಿರಲಿಕ್ಕೂ ಇಲ್ಲ. ಹೆಣದ ಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಕಪ್ಪು ಕಾರು ಗದ್ದೆಗಿಳಿದು ಮೂತಿಯನ್ನು ಕೆಸರಿನಲ್ಲಿ ಹೂತು ನಿಂತಿತ್ತು. ಮೈಲಾರಲಿಂಗಪ್ಪನಿಗೆ ಕಾರು ಹೊಡೆಯಲು ಬರುತ್ತಿರಲಿಲ್ಲ, ಆದರೆ ಕಂಡದ್ದನ್ನು ಕಂಡಂತೆ ಬರೆಯುವುದು ಬರುತ್ತಿತ್ತು. ಸ್ವಿಚ್ಚು ಚಾಲೂ ಇದೆ. ಹ್ಯಾಂಡ್ ಬ್ರೇಕು ಎಳೆದಿಲ್ಲ. ಗೇರಿನ ಹಿಡಿ ನಡುವೆ, ನ್ಯೂಟ್ರಲ್‌ನಲ್ಲಿ. ರಸ್ತೆಯ ಮೇಲೆ ಗಾಲಿ ಉಜ್ಜಿದ ಗುರುತು ಕೊನೆಯ ಹತ್ತು ಹೆಜ್ಜೆಯಷ್ಟು ಮಾತ್ರ.

ಉಳಿವೆಪ್ಪ ಸಾವಕಾರ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಕೂತಿದ್ದ. ವಯಸ್ಸು ಐವತ್ತೆರಡು. ಕಾರು ಹೊಡೆಯುವುದನ್ನು ಕಲಿಯಲು ಶುರುಮಾಡಿ ಎರಡು ತಿಂಗಳು. ಕೈಯಲ್ಲಿ ಕಲಿಯುವವರ ಲೈಸೆನ್ಸ್ ಮಾತ್ರ ಇತ್ತು, ಒಬ್ಬನೇ ಹೊಡೆಯುವ ಹಕ್ಕಿರಲಿಲ್ಲ. ಆದರೆ ಅವನ ಮಾತಿನಲ್ಲಿ ಅದೆಲ್ಲ ಲೆಕ್ಕಕ್ಕೇ ಬರಲಿಲ್ಲ.

“ಬ್ರೇಕ್ ಹಿಡೀಲಿಲ್ಲ ಫೌಜದಾರ್ರ. ಆ ಉಡಚ್ಯಾ ಏನೋ ಮಾಡಿಟ್ಟ ಹೋಗ್ಯಾನ. ಬುಧವಾರ ನಾ ಗದ್ದಿ ನೋಡಾಕ ಕೆರಿಗೆ ಹೊಕ್ಕೇನಿ ಅಂತ ಅವಗ ಗೊತ್ತು. ಸರಿಯಾಗಿ ಹಿಂದಿನ ದಿನಾನ ರಜಾ ತಗೊಂಡ. ಬರಕೊಳ್ರಿ.”

“ಬರಕೊಂಡೇನಿ.”

“ಅವನ ಹೆಸರು ಮ್ಯಾಲೆ ಬರ್ರಿ. ನನ್ನ ಹೆಸರು ಕೆಳಗಾದ್ರೂ ನಡೀತೈತಿ.”

ಮೈಲಾರಲಿಂಗಪ್ಪನಿಗೆ ಹಳೆಯದೊಂದು ಬರಹ ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಹಾನಗಲ್ಲ ಠಾಣೆಯಲ್ಲಿ ರೈಟರ್ ಆಗಿದ್ದಾಗ, ದೊಡ್ಡ ಮನೆಯ ಮಗ ಹಾರಿಸಿದ ಬಂದೂಕಿನ ಗುಂಡನ್ನು ಆ ಮನೆಯ ಆಳಿನ ಲೆಕ್ಕಕ್ಕೆ ಬರೆದಿದ್ದ. ಮೇಲಿನವರು ಹೇಳಿದರು, ಇವನು ಬರೆದ. ಆಳು ಏಳು ವರ್ಷ ಜೈಲಿನಲ್ಲಿ ಕಳೆದ. ಮುತ್ತಿನಂಥ ಅಕ್ಷರ ಎಂದು ಸಾಹೇಬರು ಬೆನ್ನು ತಟ್ಟಿದ್ದರು. ಆ ಬೆನ್ನು ಇಂದಿಗೂ ಉರಿಯುತ್ತದೆ. ಈ ಸಲ ಸಾವಕಾರನ ಪಾಪ ಡ್ರೈವರನ ಕೊರಳಿಗೆ ಬೀಳಗೊಡುವುದಿಲ್ಲ ಎಂದು ಅವನು ಆ ಮಂಚದ ಮುಂದೆಯೇ ನಿಶ್ಚಯಿಸಿಕೊಂಡ.

ಮರುದಿನ ಗುರುವಾರ ಮಧ್ಯಾಹ್ನ ಉಡಚಪ್ಪ ತಾನಾಗಿಯೇ ಹಿರೇಕೆರೂರಿನಲ್ಲಿ ಬಸ್ಸಿಳಿದ. ತೆಳ್ಳಗಿನ, ನಲವತ್ತರ ಆಚೀಚಿನ ಮನುಷ್ಯ; ಖಾಕಿ ಅಂಗಿ, ಕೈಯಲ್ಲೊಂದು ಚೀಲ. ಸ್ಟ್ಯಾಂಡಿನಲ್ಲಿ ಕಾದಿದ್ದ ಗೋಣೆಪ್ಪ ತೋಳು ಹಿಡಿದ.

“ನಿಮ್ಮ ಗಾಡಿ ಗದ್ದಿಗೆ ಬಿದ್ದೈತಿ, ನಡಿ.”

“ಸಾವ್ಕಾರ್ ಹೋದ್ರೇನ್ರಿ?”

“ಅವರಿಗೇನಾಗಿಲ್ಲ. ಬೀರಪ್ಪನ ಅಕ್ಕ ಮುದಕವ್ವ ಸತ್ಲು.”

ಚೀಲವನ್ನು ಎದೆಗೆ ಅವುಚಿಕೊಂಡು ಬಸ್‌ಸ್ಟ್ಯಾಂಡಿನ ಧೂಳಿನಲ್ಲಿ ಕೂತುಬಿಟ್ಟ ಉಡಚಪ್ಪನನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಗೋಣೆಪ್ಪ ಇದನ್ನೆಲ್ಲ ಠಾಣೆಯಲ್ಲಿ ವರದಿ ಮಾಡಿದಾಗ ಮೈಲಾರಲಿಂಗಪ್ಪ ಕನಿಕರಪಟ್ಟ. ಮೊದಲು ಧಣಿಯನ್ನು ವಿಚಾರಿಸಿದ್ದಾನೆ, ಎಂಥ ನಿಯತ್ತಿನ ಮನುಷ್ಯ ಎಂದುಕೊಂಡ.

ಮಾಸೂರಿಗೆ ಹೋದರೆ ಸಾವಕಾರನ ಜನ ಹೊಡೆದಾರು ಎಂದು ಉಡಚಪ್ಪನಿಗೆ ಠಾಣೆಯ ಪಡಸಾಲೆಯಲ್ಲೇ ಮಲಗಲು ಹೇಳಿದ. ಚಹಾ ತರಿಸಿ ಕೊಟ್ಟ.

“ಬ್ರೇಕಿಗೆ ಏನರ ಮಾಡಿಯೇನು?”

“ಇಲ್ರಿ.”

“ದೇವರಾಣೆ?”

“ಬ್ರೇಕ್ ನಾ ಮುಟ್ಟಿಲ್ರಿ.”

“ಹಂಗಿದ್ರ ಹೆದರಬ್ಯಾಡ. ನಿನಗೇನೂ ಆಗಗೊಡೂದಿಲ್ಲ.”

ಉಡಚಪ್ಪ ಚಹಾ ಕುಡಿಯಲಿಲ್ಲ. ಬಸಿಯ ಮೇಲೆ ನೊಣ ಕೂತಿತು.

ಶುಕ್ರವಾರ ಗೋಣೆಪ್ಪ ಸವಣೂರಿಗೆ ಹೋಗಿ ಬಂದ. ಉಡಚಪ್ಪನ ಅಕ್ಕ ಗುತ್ತೆವ್ವ ಖಾಟಿಕರ ಓಣಿಯ ಹತ್ತಿರ ಇರುತ್ತಾಳೆ. ತಮ್ಮ ಮಂಗಳವಾರ ಸಂಜೆ ಬಂದದ್ದು ನಿಜ, ಗುರುವಾರ ಬೆಳಿಗ್ಗೆ ಹೋದದ್ದು ನಿಜ. “ಬುಧವಾರ ಇಡೀ ದಿನ ಒಂದು ತುತ್ತು ರೊಟ್ಟಿ ಮುರೀಲಿಲ್ರಿ. ಹಿರೇಕೆರೂರ ಕಡಿ ಬಸ್ ಬಂದಾಗೊಮ್ಮೆ ಎದ್ದು ಹೋಗಿ ನಿಂತು ನೋಡ್ಯಾನ” ಎಂದು ಅವಳು ಹೇಳಿದ್ದಳು. ಮೈಲಾರಲಿಂಗಪ್ಪ ಮೊದಲ ಭಾಗವನ್ನು ಬರೆದುಕೊಂಡ. ಊಟದ ಮಾತಿಗೂ ಕೇಸಿಗೂ ಸಂಬಂಧ ಕಾಣದೆ ಅದನ್ನು ಬಿಟ್ಟ.

ಅದೇ ದಿನ ಶಿಗ್ಗಾಂವಿಯಿಂದ ಅಕ್ಬರಸಾಬ ಮೇಸ್ತ್ರಿಯನ್ನು ಕರೆಸಿದ್ದಾಯಿತು. ಹೆದ್ದಾರಿಯ ಪಕ್ಕ ಗ್ಯಾರೇಜು ಇಟ್ಟುಕೊಂಡು ಮೂವತ್ತು ವರ್ಷ ಲಾರಿಗಳ ಹೊಟ್ಟೆಯ ಕೆಳಗೆ ಮಲಗಿದವನು. ಎತ್ತು ಕಟ್ಟಿ ಕಾರನ್ನು ಕೆಸರಿನಿಂದ ಎಳೆಸಿದ, ತೊಳೆಸಿದ, ನಾಲ್ಕೂ ಗಾಲಿ ಬಿಚ್ಚಿ ಮೂಗು ತಾಗಿಸಿ ನೋಡಿದ.

“ಬ್ರೇಕ್ ಜಬರದಸ್ತ್ ಅದಾವ್ರಿ ಸಾಹೇಬ್ರ. ನನ್ನ ಹೆಂಡ್ತಿ ಬಾಯಿಗೆ ಇಂಥಾದ್ದೊಂದು ಇದ್ದಿದ್ರ ಚಲೋ ಇತ್ತು.”

“ಹಂಗಾರ ಗಾಡಿ ಯಾಕ ನಿಲ್ಲಲಿಲ್ಲ?”

“ಹತ್ರಿ, ತೋರಸ್ತೇನಿ.”

ಅಕ್ಬರಸಾಬ ಮೇಲಿನಿಂದ ಎರಡನೇ ಗೇರಿನಲ್ಲಿ ಇಳಿದ. ಇಂಜಿನ್ನು ಗುರ್ ಎನ್ನುತ್ತ ಕಾರನ್ನು ಹಿಂದಕ್ಕೆ ಹಿಡಿದಿತ್ತು. ಅರ್ಧ ದಾರಿಯಲ್ಲಿ ಬಲಗಾಲಿನಿಂದ ಬ್ರೇಕು ಒತ್ತಿದ, ನಿಲ್ಲುವ ಹೊತ್ತಿಗೆ ಎಡಗಾಲಿನಿಂದ ಕ್ಲಚ್ಚು. ಕಾರು ಸಾಧು ದನದಂತೆ ನಿಂತಿತು.

“ಇದು ಸರಿಯಾದ್ದು. ಮೊದ್ಲು ಬ್ರೇಕ್. ಇಂಜಿನ್ನು ಗಡಗಡ ಅನ್ನಾಕ ಹತ್ತಿದಾಗ ಕ್ಲಚ್. ನಿಂತ ಮ್ಯಾಲೆ ನ್ಯೂಟ್ರಲ್, ಹ್ಯಾಂಡ್ ಬ್ರೇಕು. ಈಗ ನಿಮ್ಮ ಪಂಚನಾಮಿದಾಗ ಇದ್ದಂಗ ನೋಡ್ರಿ.”

ಮತ್ತೆ ಮೇಲೆ ಹತ್ತಿ, ಇಳಿಜಾರಿನ ತುದಿಯಲ್ಲೇ ಕ್ಲಚ್ಚು ಒತ್ತಿ ಗೇರು ತೆಗೆದುಬಿಟ್ಟ. ಸದ್ದೆಲ್ಲ ಅಡಗಿತು. ಕಾರು ಮೊದಲು ಮೆಲ್ಲಗೆ, ಆಮೇಲೆ ಭಯವಾಗುವಷ್ಟು ಜೋರಾಗಿ ಓಡಿತು. ಹೊಂಗೆಮರ ಎದುರಿಗೇ ಬಂದಾಗ ಮೇಸ್ತ್ರಿ ಬ್ರೇಕಿನ ಮೇಲೆ ಎದ್ದೇ ನಿಂತ. ಕಾರು ತಿರುವಿನಲ್ಲಿ ಅಡ್ಡ ಹೊರಳಿ ನಿಂತಿತು. ಸುಟ್ಟ ವಾಸನೆ ಬಂತು. ಮೈಲಾರಲಿಂಗಪ್ಪ ಬಾಗಿಲು ತೆರೆದು ರಸ್ತೆಗಿಳಿದ.

“ಗೇರಿನ್ಯಾಗ ಇದ್ರ ಇಂಜಿನ್ನು ಗಾಲಿನ ಹಿಡಕೊಂಡಿರತೈತಿ. ಕ್ಲಚ್ ಒತ್ತಿದ್ರಿ ಅಂದ್ರ ಕೈ ಬಿಟ್ಟಂಗ. ನಾನಾದ್ರ ಮೂವತ್ತು ವರ್ಷದವ. ಹೊಸಬ ಹೆದರಿ ಎಡಗಾಲನ್ನ ಇನ್ನಷ್ಟು ಒತ್ತತಾನ, ಬಲಗಾಲು ಮರತಽ ಬಿಡತಾನ” ಎಂದ ಅಕ್ಬರಸಾಬ, ಬೀಡಿ ಹಚ್ಚುತ್ತ.

ಮೈಲಾರಲಿಂಗಪ್ಪನಿಗೆ ನಿರಾಳವಾಯಿತು. ಬ್ರೇಕು ಸರಿ ಇದೆ, ಡ್ರೈವರ್ ಸವಣೂರಿನಲ್ಲಿದ್ದ, ತಪ್ಪೆಲ್ಲ ಸಾವಕಾರನ ಕಾಲಿನದು. ಶನಿವಾರ ಗಿರಣಿಯ ಅಂಗಳದಲ್ಲಿ ಕಾರು ನಿಲ್ಲಿಸಿ ಸಾವಕಾರನನ್ನು ಸೀಟಿನಲ್ಲಿ ಕೂರಿಸಿದ.

“ನಿಲ್ಲಸೂದು ಹ್ಯಾಂಗ, ಮಾಡಿ ತೋರಸ್ರಿ.”

ಉಳಿವೆಪ್ಪ ಮಗ್ಗಿ ಒಪ್ಪಿಸಿದಂತೆ ಮಾಡಿ ತೋರಿಸಿದ. “ಮೊದ್ಲು ಕ್ಲಚ್ ಪೂರಾ ಒತ್ತೂದು. ಆಮ್ಯಾಲೆ ಗೇರ್ ತಗದು ನ್ಯೂಟ್ರಲ್. ಆಮ್ಯಾಲೆ ಹಗೂರಕ ಬ್ರೇಕ್.”

“ಇಳಿಜಾರಿನ್ಯಾಗೂ ಹಿಂಗನ?”

“ಎಲ್ಲಿದ್ರೂ ಹಿಂಗ. ಉಡಚ್ಯಾ ದಿನಾ ಇದನ್ನಽ ಹೇಳ್ಯಾನ. ಇಳಿಜಾರು ಕಂಡ್ರ ಮೊದ್ಲಽ ಗೇರ್ ತಗದ್ಬಿಡ್ರಿ, ಇಂಜಿನ್ನಿಗೆ ದಣಿವು ಕಡಿಮಿ ಅಂತಿದ್ದ.”

“ಕೆರಿ ಇಳಿಜಾರಿಗೆ ಕರಕೊಂಡು ಹೋಗಿ ಕಲಿಸ್ಯಾನೇನು?”

“ಇಲ್ಲ. ಬರೇ ರಟ್ಟಿಹಳ್ಳಿ ರಸ್ತಿ, ಸಾಲಿ ಮೈದಾನ. ಸಪಾಟ ಇದ್ದಲ್ಲಿ.”

ಸುಳ್ಳು ಎಂದುಕೊಂಡ ಮೈಲಾರಲಿಂಗಪ್ಪ. ತನ್ನ ದಡ್ಡತನವನ್ನು ಕಲಿಸಿದವನ ತಲೆಗೆ ಕಟ್ಟುತ್ತಿದ್ದಾನೆ. ಇದನ್ನು ಸುಳ್ಳೆಂದು ತೋರಿಸಲು ಉಡಚಪ್ಪನಿಂದ ಕಲಿತ ಇನ್ನೊಬ್ಬ ಸಿಕ್ಕರೆ ಸಾಕು. ಅಂಥವನೊಬ್ಬ ಅದೇ ಗಿರಣಿಯಲ್ಲಿದ್ದ: ಫಿಟರ್ ಮಹಮ್ಮದಗೌಸ. ಎರಡು ವರ್ಷದ ಹಿಂದೆ ಗಿರಣಿಯ ಲಾರಿಗೆಂದು ಉಡಚಪ್ಪನ ಕೈಕೆಳಗೇ ಕಲಿತವನು.

ಸೋಮವಾರ, ಅಕ್ಟೋಬರ್ ೧೬. ಹೊಟ್ಟಿನ ಧೂಳಿನಲ್ಲಿ ಬಿಳಿಯಾಗಿದ್ದ ಮಹಮ್ಮದಗೌಸ ಹೊರಗೆ ಬಂದು ಕೈಕಟ್ಟಿ ನಿಂತ.

“ಗಾಡಿ ನಿಲ್ಲಸೂದು ಉಡಚಪ್ಪ ಹ್ಯಾಂಗ ಹೇಳಿಕೊಟ್ಟ?”

“ಮೊದ್ಲು ಬ್ರೇಕ್, ಕ್ಲಚ್ ಆಖೈರಿಗೆ. ನಾ ಒಮ್ಮಿ ಕ್ಲಚ್ ಮೊದ್ಲು ಒತ್ತಿದ್ದಕ್ಕ ಬೆರಳ ಮ್ಯಾಲೆ ಸ್ಪ್ಯಾನರ್‌ಲೆ ಹೊಡದಿದ್ದ ನೋಡ್ರಿ. ಅವ ಮಿಲ್ಟ್ರಿದಾಗ ಕಲತಾವ.”

“ಎಲ್ಲಿ ಕಲಿಸಿದ?”

“ಕೆರಿ ಇಳಿಜಾರಿನ್ಯಾಗಽ. ಇಲ್ಲಿ ನಿಲ್ಲಸಾಕ ಬಂದ್ರ ಎಲ್ಲಾ ಕಡಿ ಬರತೈತಿ ಅಂದಿದ್ದ.”

ಮೈಲಾರಲಿಂಗಪ್ಪನ ಪೆನ್ನು ಖುಷಿಯಿಂದ ಓಡಿತು. ಸಾವಕಾರನ ಸುಳ್ಳು ಅಕ್ಷರ ಅಕ್ಷರವಾಗಿ ಬಯಲಾಗುತ್ತಿತ್ತು. ಇನ್ನು ಸಹಿ ಮಾಡಿಸಿಕೊಳ್ಳಬೇಕು, ಅಷ್ಟರಲ್ಲಿ ಮಹಮ್ಮದಗೌಸ ತಾನಾಗಿಯೇ ಮುಂದುವರಿಸಿದ.

“ಸಾವ್ಕಾರ್ಗೆ ಬ್ಯಾರೆ ಥರ ಹೇಳತಿದ್ದ ನೋಡ್ರಿ. ಕ್ಲಚ್ ಮೊದ್ಲು ಒತ್ರಿ, ಗೇರ್ ತಗೀರಿ ಅಂತ. ಇದ ಅಂಗಳದಾಗ ನಾ ಕಿವ್ಯಾರೆ ಕೇಳೇನಿ. ‘ಯಾಕಪಾ, ನನಗ ಹೊಡದಿ, ಅವರಿಗೆ ಹಿಂಗ ಕಲಸ್ತೀ’ ಅಂದೆ. ‘ದೊಡ್ಡೋರ ಕಾಲು ನಾಜೂಕು, ಅವರಿಗೆ ಇದ ಹಗೂರ’ ಅಂತ ನಕ್ಕ.”

ಪೆನ್ನು ನಿಂತಿತು. ಗಿರಣಿಯ ಪಟ್ಟಾ ಪಟಪಟ ಬಡಿಯುತ್ತಲೇ ಇತ್ತು.

ಬಿಟ್ಟಿದ್ದ ಮಾತುಗಳೆಲ್ಲ ಈಗ ಒಂದೊಂದಾಗಿ ಎದ್ದು ಬಂದವು. ಸಾವ್ಕಾರ್ ಹೋದ್ರೇನ್ರಿ ಎಂದು ಕೇಳಿದ್ದು. ಮುರಿಯದ ರೊಟ್ಟಿ. ಬಸ್ಸು ಬಂದಾಗಲೆಲ್ಲ ಎದ್ದು ಹೋಗಿ ನೋಡಿದ್ದು. ಕುಡಿಯದ ಚಹಾ. ಬ್ರೇಕ್ ನಾ ಮುಟ್ಟಿಲ್ಲ ಎಂದ ಉತ್ತರ, ಅದು ಪೂರ್ತಿ ನಿಜ. ಮೈಲಾರಲಿಂಗಪ್ಪನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇದನ್ನು ಹುಡುಕು ಎಂದು ಯಾರೂ ಹೇಳಿರಲಿಲ್ಲ, ಆ ಮನುಷ್ಯನನ್ನು ಉಳಿಸಲೆಂದು ತಾನೇ ಕೆದಕಿ ತೆಗೆದದ್ದು. ಈ ಹಾಳೆಯನ್ನು ಹರಿದು ಹಾಕಿದರೆ ಕೇಳುವವರಿಲ್ಲ ಎಂಬ ಯೋಚನೆಯೂ ಬಂತು. ಆದರೆ ಹಾನಗಲ್ಲಿನ ಆ ಸುಳ್ಳು ಬರಹದ ಮೇಲೆ ಇನ್ನೊಂದನ್ನು ಹೇರುವ ಶಕ್ತಿ ಅವನಿಗಿರಲಿಲ್ಲ. ಸಹಿ ಮಾಡಿಸಿಕೊಂಡ.

ಮಂಗಳವಾರ ಬೀರಪ್ಪನ ಮನೆಗೆ ಹೋಗಿ ಕೂತ. ಉಡಚಪ್ಪನಿಗೂ ಸಾವಕಾರನಿಗೂ ಏನಾದರೂ ಹಳೆಯದಿತ್ತೇ ಎಂದು ಕೇಳಿದ.

“ನಾಕ ವರ್ಷ ಆತ್ರಿ. ಇದ ಖಂಡೇನವಮಿ ದಿನ. ಉಡಚಪ್ಪನ ಹೆಂಡ್ತಿ ಚೌಡವ್ವಗ ಹೆರಿಗಿ ಬ್ಯಾನಿ. ನಮ್ಮಕ್ಕ ಸೂಲಗಿತ್ತಿ. ಕೂಸು ಅಡ್ಡ ಬಂದೈತಿ, ಹಿರೇಕೆರೂರ ದವಾಖಾನಿಗೆ ಒಯ್ಯಬೇಕು ಅಂದ್ಲು. ಅಕ್ಕ, ಉಡಚಪ್ಪ ಇಬ್ರೂ ಸಾವ್ಕಾರ್ ಬಾಗಲಿಗೆ ಹೋದ್ರು. ಗಾಡಿಗೆ ಹೂವು ಹಾಕಿ, ಕುಂಬಳಕಾಯಿ ಒಡದು, ಪೂಜಾ ಮಾಡಿ ನಿಲ್ಲಿಸಿದ್ರು. ‘ಪೂಜಾಕ ಇಟ್ಟ ಗಾಡಿ, ನಾಳೆ ಬನ್ನಿ ಮುಡಿಯೂತನಕ ಎಬ್ಬಿಸಬಾರದು’ ಅಂದ್ರು ಸಾವ್ಕಾರ್.”

“ಆಮ್ಯಾಲೆ?”

“ನಮ್ಮ ಚಕ್ಕಡೀನೂ ಪೂಜಾಕ ಇಟ್ಟಿದ್ವಿ. ನಾ ಬ್ಯಾಡ ಅಂದೆ, ಸುಳ್ಳ ಯಾಕ ಹೇಳ್ಲಿ. ನಮ್ಮಕ್ಕ ಕೇಳಲಿಲ್ಲ. ತನ್ನ ಕೈಯಾರೆ ಹೂವು ಹರದು ಒಗದು ಎತ್ತು ಹೂಡಿದ್ಲು. ಮೂರು ಮೈಲಿ ಹೋಗೂದ್ರಾಗ ತಾಯಿ ಕೂಸು ಎರಡೂ ಹೋದ್ವು, ನಮ್ಮಕ್ಕನ ತೊಡಿ ಮ್ಯಾಲೆ.”

ಮುದಕವ್ವನ ಹೆಣಕ್ಕೆ ಹೊದಿಸಿದ್ದ ಕಂಬಳಿಯನ್ನು ಒಗೆದು ಹಗ್ಗದ ಮೇಲೆ ಒಣಹಾಕಿದ್ದರು. ಮೈಲಾರಲಿಂಗಪ್ಪ ನೀರು ಕೇಳಿ ಕುಡಿದು ಎದ್ದ.

ಅಕ್ಟೋಬರ್ ೧೮, ಬುಧವಾರ. ಖಂಡೇನವಮಿ, ಆಯುಧಪೂಜೆಯ ದಿನ. ಠಾಣೆಯಲ್ಲಿ ಕೆಂಪು ವಸ್ತ್ರದ ಮೇಲೆ ಬಂದೂಕು, ಲಾಠಿ, ಬೇಡಿಗಳನ್ನು ಸಾಲಾಗಿ ಇಟ್ಟು ಗೋಣೆಪ್ಪ ಬೆಳಿಗ್ಗೆ ಎಂಟಕ್ಕೇ ಪೂಜೆ ಮುಗಿಸಿದ್ದ. ಚೆಂಡುಹೂವಿನ ವಾಸನೆ ಪಡಸಾಲೆಯವರೆಗೂ ಹಬ್ಬಿತ್ತು. ಮೈಲಾರಲಿಂಗಪ್ಪ ಉಡಚಪ್ಪನನ್ನು ಒಳಗೆ ಕರೆದ.

“ಮಹಮ್ಮದಗೌಸಗ ಬ್ರೇಕ್ ಮೊದ್ಲು ಅಂದಿ.”

“ಹೌದ್ರಿ.”

“ಸಾವ್ಕಾರ್ಗೆ ಕ್ಲಚ್ ಮೊದ್ಲು ಅಂದಿ.”

“ಹೌದ್ರಿ.”

“ಬಾಯಿ ತಪ್ಪಿ ಹೇಳಿದಿ?” ಹೌದು ಎಂದುಬಿಡಲಿ ಎಂದು ಅವನ ಮನಸ್ಸು ಅಂಗಲಾಚುತ್ತಿತ್ತು.

“ಇಲ್ರಿ. ಹದಿನೆಂಟು ವರ್ಷದ ಡ್ರೈವರ್ ಅದೇನಿ. ಹಂಗ ತಪ್ಪಂಗಿಲ್ರಿ.”

“ಮಂಗಳವಾರನ ಯಾಕ ರಜಾ ತಗೊಂಡಿ?”

“ಬಾಜೂಕ ಕುಂತಿದ್ರ ನನ್ನ ಕೈ ಸುಮ್ಕ ಇರತಿದ್ದಿಲ್ರಿ. ಹ್ಯಾಂಡ್ ಬ್ರೇಕ್ ಜಗ್ಗಿ ಉಳಿಸೇ ಬಿಡತಿದ್ದೆ.”

“ಸಾವ್ಕಾರ್ ಸಾಯ್ಲಿ ಅಂತ ಮಾಡಿದಿ.”

“ಹೌದ್ರಿ. ನಾಕ ವರ್ಷ ಆ ಗಾಡಿಗೆ ನಾನಽ ಹೂವು ಕಟ್ಟೇನಿ. ಕಲಸು ಅಂತ ಅವರ ಕೇಳಿದ್ರು. ಕಲಿಸಿದೆ.” ಉಡಚಪ್ಪ ಮೊದಲ ಸಲ ತಲೆಯೆತ್ತಿದ. “ಆದ್ರ ರಸ್ತಿ ಮ್ಯಾಲೆ ಜನ ಇರತಾರ ಅನ್ನೂದು ನನ್ನ ತಲಿಗೆ ಬರಲಿಲ್ಲ ಸಾಹೇಬ್ರ. ಡ್ರೈವರ್ ಆಗಿ ಅದ ಒಂದು ಮರತೆ. ಮುದಕವ್ವ ನನ್ನ ಚೌಡಿ ಬಾಯಾಗ ನೀರು ಬಿಟ್ಟಾಕಿ.”

“ಮೊದ್ಲ ಯಾಕ ಹೇಳಲಿಲ್ಲ?”

“ನೀವು ನನ್ನ ಉಳಸಾಕತ್ತಿದ್ರಿ. ನನ್ನ ಸಲುವಾಗಿ ಯಾರೂ ಹಂಗ ಓಡಾಡಿದ್ದಿಲ್ಲ. ಹ್ಯಾಂಗ ಹೇಳ್ಲಿ?”

ಮೈಲಾರಲಿಂಗಪ್ಪ ಕಿಟಕಿಯ ಕಡೆ ತಿರುಗಿದ. ಹಿಂದಿನಿಂದ ಉಡಚಪ್ಪನ ಧ್ವನಿ ಮತ್ತೆ ಬಂತು.

“ಇನ್ನೊಂದು ಐತ್ರಿ. ಅವತ್ತು ಗಾಡಿ ಕೀಲಿ ನನ್ನ ಕಿಸೆದಾಗಽ ಇತ್ತು. ಕೇಳದಽ ಒಯ್ಯಬಹುದಿತ್ತು. ಎಬ್ಬಿಸಬಾರದು ಅಂದ್ರು, ನಾ ಕೈ ಮುಗದು ನಿಂತೆ.”

ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆಯೂ ಇದನ್ನೇ ಹೇಳುತ್ತೀಯಾ ಎಂದು ಕೇಳಿದ. ಹೇಳುತ್ತೇನೆ ಎಂದ ಉಡಚಪ್ಪ. ತಪ್ಪು ಪಾಠ ಹೇಳಿ ಕೊಂದದ್ದಕ್ಕೆ ಯಾವ ಕಲಂ ಎಂದು ಮೈಲಾರಲಿಂಗಪ್ಪನಿಗೆ ಖಾತ್ರಿಯಿರಲಿಲ್ಲ. ೩೦೪, ಕೊಲೆಯಲ್ಲದ ನರಹತ್ಯೆ, ಎಂದು ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ. ಸಾವಕಾರನ ಮೇಲಿನ ಕೇಸು ಹಾಗೇ ಇತ್ತು. ಆದರೆ ಈ ಹೊಸ ಕೇಸಿಗೆ ಅವನೇ ಮುಖ್ಯ ಸಾಕ್ಷಿ. ಸಂಚಿಗೆ ಗುರಿಯಾದವನು ಎಂದು ವಕೀಲರು ಅವನ ಪರವಾಗಿ ಕಣ್ಣೀರು ಸುರಿಸುವುದು ಗ್ಯಾರಂಟಿ.

“ಗೋಣೆಪ್ಪ, ಬೇಡಿ ತಾ. ಮ್ಯಾಜಿಸ್ಟ್ರೇಟರ ಮನಿಗೆ ಒಯ್ಯಬೇಕು.”

ಗೋಣೆಪ್ಪ ಅಲ್ಲಾಡಲಿಲ್ಲ. “ಪೂಜಾಕ ಇಟ್ಟೇವ್ರಿ ಸಾಹೇಬ್ರ. ನಾಳೆ ಬನ್ನಿ ಮುಡಿಯೂತನಕ ಮುಟ್ಟಬಾರದು.”

ಉಡಚಪ್ಪ ಕೆಂಪು ವಸ್ತ್ರದ ಕಡೆ ನೋಡಿದ, ಆಮೇಲೆ ಫೌಜದಾರನ ಕಡೆ. ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ.

“ತಗೀರಿ ಸಾಹೇಬ್ರ. ಏನೂ ಆಗೂದಿಲ್ಲ. ಮುದಕವ್ವನೂ ತಗದಿದ್ಲು.”

ಮೈಲಾರಲಿಂಗಪ್ಪ ಬಾಗಿ ಹೂವು ಸರಿಸಿ ಬೇಡಿಯನ್ನು ಎತ್ತಿಕೊಂಡ. ಒಂದು ಜೀವ ಉಳಿಸಲು ಏಳದ ಪೂಜೆ, ಕೈಗೆ ಬೇಡಿ ತೊಡಿಸಲು ಇಷ್ಟು ಸಲೀಸಾಗಿ ಎದ್ದಿತು. ಹಚ್ಚಿದ್ದ ಕುಂಕುಮ ಇನ್ನೂ ಒಣಗಿರಲಿಲ್ಲ; ಉಡಚಪ್ಪನ ಎರಡೂ ಮಣಿಕಟ್ಟಿಗೆ ಕೆಂಪಗೆ ಹತ್ತಿಕೊಂಡಿತು.

ಬಂಧನದ ವೇಳೆ ೧೦.೨೫ ಎಂದು ಡೈರಿಯಲ್ಲಿ ಬರೆದ. ಕಾರಣ ಎಂಬ ಕಡೆ ಒಂದು ಬೆರಳಗಲದ ಜಾಗವಿತ್ತು. ಕಿಸೆಯಲ್ಲಿ ಉಳಿದ ಕೀಲಿಯ ವಿಷಯ ಅಷ್ಟರಲ್ಲಿ ಹಿಡಿಯುವಂಥದ್ದಲ್ಲ. ಹಳೇ ದ್ವೇಷ ಎಂದು ಬರೆದು, ಮುತ್ತಿನಂಥ ಆ ಅಕ್ಷರದ ಮೇಲೆ ಮಸಿ ಹೀರುವ ಕಾಗದ ಒತ್ತಿದ.